ಗೊರಿಲ್ಲಾದ ಬೆಟ್ಟ, ಬಾವಲಿಯ ಗುಹೆ ಮತ್ತು ಊರಿನ ಆರೋಗ್ಯ

(ಬೆಳಗಾವಿಯ ಅನಗೋಳದಲ್ಲಿ ಖಾನಾಪುರ ಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವನ್ಯಜೀವಿ ಸಂರಕ್ಷಣೆ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಬೇಲಿ, ಬಂದೂಕು ಹಿಡಿದ ಕಾವಲುಗಾರ ಮತ್ತು ‘ಪ್ರವೇಶವಿಲ್ಲ’ ಎಂಬ ಫಲಕ. ಕಾಡಿನಂಚಿನ ಊರಿಗೆ ಆ ಫಲಕದ ಅರ್ಥ ಬೇರೆಯೇ ಆಗಿರುತ್ತದೆ. ಪ್ರಾಣಿಗೆ ಸಿಕ್ಕ ಕಾಳಜಿ ಮನುಷ್ಯನಿಗೆ ಸಿಗಲಿಲ್ಲವೆಂಬ ಕೊರಗು ಅಲ್ಲಿ ಹುಟ್ಟುತ್ತದೆ. ಆ ಕೊರಗಿನಲ್ಲಿ ಹುರುಳಿದೆ. ಆದರೆ ಪ್ರಾಣಿಯ ಉಳಿವು ಮತ್ತು ಊರಿನ ಆರೋಗ್ಯ ಒಂದಕ್ಕೊಂದು ವಿರುದ್ಧವೆಂಬ ಎಣಿಕೆ ಮಾತ್ರ ಸರಿಯಲ್ಲ. ಅದನ್ನು ತೋರಿಸಲು ಒಂದು ಉದಾಹರಣೆಯನ್ನು ದೂರದ ಆಫ್ರಿಕಾದಿಂದ, ಮತ್ತೊಂದನ್ನು ಇದೇ ಖಾನಾಪುರ ತಾಲ್ಲೂಕಿನಿಂದ ತೆಗೆದುಕೊಳ್ಳಬಹುದು.

ಗೊರಿಲ್ಲಾ ಉಳಿದ ಬಗೆ

ಉಗಾಂಡಾ, ರುವಾಂಡಾ ಮತ್ತು ಕಾಂಗೋ ದೇಶಗಳು ಕೂಡುವ ಎಡೆಯಲ್ಲಿ ವಿರುಂಗಾ ಎಂಬ ಜ್ವಾಲಾಮುಖಿ ಪರ್ವತಗಳ ಸಾಲಿದೆ. ಅಲ್ಲಿಯ ಪರ್ವತ ಗೊರಿಲ್ಲಾವನ್ನು ಹೊರಜಗತ್ತು ಅರಿತದ್ದು 1902ರಲ್ಲಿ, ಜರ್ಮನ್ ಸೇನಾಧಿಕಾರಿ ಬೆರಿಂಗೆ ಎಂಬವನ ಗುಂಡಿನ ಮೂಲಕ. ಅನ್ವೇಷಣೆಯ ಮೊದಲ ಫಲ ಪ್ರಾಣಿಯ ಹೆಣವೇ ಆಗಿತ್ತು. 1959ರಲ್ಲಿ ಜಾರ್ಜ್ ಶಾಲರ್ ಬಂದೂಕಿಲ್ಲದೆ ಅದೇ ಬೆಟ್ಟವನ್ನೇರಿ, ಗೊರಿಲ್ಲಾ ಕ್ರೂರ ಮೃಗವಲ್ಲ, ಕುಟುಂಬ ಕಟ್ಟಿಕೊಂಡು ಬಾಳುವ ಸಸ್ಯಾಹಾರಿ ಎಂದು ಕಂಡುಕೊಂಡರು. 1967ರಲ್ಲಿ ಡಯಾನ್ ಫಾಸಿ ಅಲ್ಲಿ ಕರಿಸೋಕೆ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. 1980ರ ದಶಕದ ಆರಂಭದ ಹೊತ್ತಿಗೆ ವಿರುಂಗಾದಲ್ಲಿ ಉಳಿದಿದ್ದ ಗೊರಿಲ್ಲಾಗಳು ಸುಮಾರು 250 ಮಾತ್ರ.

ಬೇಟೆಯೊಂದೇ ಶತ್ರುವಾಗಿರಲಿಲ್ಲ. ಗೊರಿಲ್ಲಾ ಮನುಷ್ಯನಿಗೆ ಬಹು ಹತ್ತಿರದ ಸಂಬಂಧಿ. ಆದ್ದರಿಂದ ಮನುಷ್ಯನ ನೆಗಡಿ, ಕೆಮ್ಮು, ಚರ್ಮರೋಗಗಳು ಅದಕ್ಕೂ ತಗಲುತ್ತವೆ. 1996ರಲ್ಲಿ ಉಗಾಂಡಾದ ಬ್ವಿಂಡಿ ಕಾಡಿನ ಗೊರಿಲ್ಲಾಗಳಲ್ಲಿ ಕಜ್ಜಿ ಕಾಣಿಸಿಕೊಂಡು ಒಂದು ಮರಿ ಸತ್ತಿತು. ಗೊರಿಲ್ಲಾಗಳು ಬಾಳೆತೋಟಕ್ಕೆ ಇಳಿದಾಗ, ಬೆದರುಬೊಂಬೆಗೆ ತೊಡಿಸಿದ್ದ ಹಳೆಯ ಬಟ್ಟೆಯಿಂದ ರೋಗ ದಾಟಿರಬೇಕೆಂದು ಪಶುವೈದ್ಯೆ ಗ್ಲ್ಯಾಡಿಸ್ ಕಲೆಮಾ-ಜಿಕುಸೋಕಾ ತರ್ಕಿಸಿದರು. ಊರಿನ ಬಡವರ ಮೈಮೇಲಿನ ಕಜ್ಜಿ ವಾಸಿಯಾಗದೆ ಗೊರಿಲ್ಲಾದ ಕಜ್ಜಿ ನಿಲ್ಲದು ಎಂಬುದು ಅವರು ಕಂಡುಕೊಂಡ ಪಾಠ. ಅವರು 2003ರಲ್ಲಿ ಕಟ್ಟಿದ ಸಂಸ್ಥೆಯು ಊರಿನವರನ್ನೇ ಆರೋಗ್ಯ ಸ್ವಯಂಸೇವಕರನ್ನಾಗಿ ತರಬೇತುಗೊಳಿಸಿತು. ಅವರು ಮನೆಮನೆಗೆ ಹೋಗಿ ನೈರ್ಮಲ್ಯ, ಕ್ಷಯರೋಗ, ತಾಯಿ-ಮಗುವಿನ ಆರೈಕೆಯ ಮಾತಾಡುತ್ತಾರೆ. ಅದೇ ಉಸಿರಿನಲ್ಲಿ ಗೊರಿಲ್ಲಾದ ಮಾತನ್ನೂ ಆಡುತ್ತಾರೆ. ಕಾವಲು, ಪಶುವೈದ್ಯರ ಆರೈಕೆ, ಪ್ರವಾಸೋದ್ಯಮದ ಆದಾಯದಲ್ಲಿ ಊರಿನ ಪಾಲು ಮತ್ತು ಜನಾರೋಗ್ಯ ಎಲ್ಲವೂ ಕೂಡಿದುದರ ಫಲವಾಗಿ ಪರ್ವತ ಗೊರಿಲ್ಲಾಗಳ ಎಣಿಕೆ 1,063ಕ್ಕೆ ಏರಿತು. 2018ರಲ್ಲಿ ಅದನ್ನು ‘ತೀವ್ರ ಅಪಾಯದಂಚಿನ’ ವರ್ಗದಿಂದ ‘ಅಪಾಯದಂಚಿನ’ ವರ್ಗಕ್ಕೆ ಬದಲಿಸಲಾಯಿತು.

ತಳೇವಾಡಿಯ ಗುಹೆ

ಖಾನಾಪುರದಲ್ಲಿ ಗೊರಿಲ್ಲಾ ಇಲ್ಲ. ಆದರೆ ಅದಕ್ಕಿಂತ ಕಡಿಮೆ ಪರಿಚಿತವಾದ, ಅಂಗೈಯಲ್ಲಿ ಹಿಡಿಸುವಷ್ಟು ಮೈಯ ಒಂದು ಜೀವಿಯಿದೆ. ಭೀಮಗಡದ ಕಾಡಿನಲ್ಲಿ, ತಳೇವಾಡಿಯ ಸಮೀಪ ಬಾರಾಪೇಡೆ ಎಂಬ ಗುಹೆಯಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಆರಂಭಿಸಿದ ಸಸ್ತನಿ ಸಮೀಕ್ಷೆಯ ದಿನಗಳಲ್ಲಿ ಈ ಗುಹೆಯ ಬಾವಲಿ ವಿಜ್ಞಾನಿಗಳ ಕೈಸೇರಿತು. 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ಹೊಸ ಪ್ರಭೇದವೆಂದು ವಿವರಿಸಿ, ಅರಣ್ಯಾಧಿಕಾರಿಯಾಗಿದ್ದ ರಾಟನ್ ಅವರ ಹೆಸರಿಟ್ಟರು. ಕನ್ನಡದಲ್ಲಿ ಅದನ್ನು ‘ರಾಟನ್‌ನ ಬಿಡಿಬಾಲದ ಬಾವಲಿ’ ಎನ್ನಬಹುದು. ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳು ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಬೆನ್ನು ಕಡುಗಂದು, ಕೊರಳ ಹಿಂಬದಿ ಬೂದು. ಬಾಲದ ತುದಿ ಚರ್ಮದ ಪೊರೆಯಿಂದ ಹೊರಗೆ ಚಾಚಿರುವುದರಿಂದ ‘ಬಿಡಿಬಾಲ’ ಎಂಬ ಹೆಸರು.

ಹಲವು ದಶಕಗಳ ಕಾಲ ಇಡೀ ಲೋಕದಲ್ಲಿ ಈ ಬಾವಲಿಗೆ ಗೊತ್ತಿದ್ದ ನೆಲೆ ಬಾರಾಪೇಡೆ ಒಂದೇ. 2000ದ ದಶಕದ ಆರಂಭದಲ್ಲಿ ಕಾಂಬೋಡಿಯಾದಲ್ಲಿಯೂ ಮೇಘಾಲಯದಲ್ಲಿಯೂ ಅದು ಕಂಡುಬಂದಿತು. ತರುವಾಯ ಮೇಘಾಲಯದ ಜೈಂತಿಯಾ ಬೆಟ್ಟಗಳ ಗುಹೆಗಳಲ್ಲಿ ಇನ್ನಷ್ಟು ನೆಲೆಗಳು ದೊರೆತವು. ಒಮ್ಮೆ ‘ತೀವ್ರ ಅಪಾಯದಂಚಿನ’ ಪಟ್ಟಿಯಲ್ಲಿದ್ದ ಈ ಜೀವಿಯನ್ನು 2008ರಲ್ಲಿ ‘ಮಾಹಿತಿ ಸಾಲದ’ ವರ್ಗಕ್ಕೆ ಸೇರಿಸಲಾಯಿತು. ಇದನ್ನು ಸಮಾಧಾನದ ಸುದ್ದಿಯೆಂದು ತಿಳಿಯಬಾರದು. ಅಪಾಯ ತಪ್ಪಿತೆಂದು ಅದರ ಅರ್ಥವಲ್ಲ, ಅಳೆಯಲು ಬೇಕಾದ ಅಧ್ಯಯನ ನಡೆದಿಲ್ಲವೆಂದು ಅರ್ಥ. ಭಾರತದ 1972ರ ವನ್ಯಜೀವಿ ಕಾಯ್ದೆಯಲ್ಲಿ ಬಹುಕಾಲ ಮೊದಲ ಅನುಸೂಚಿಯ ಗೌರವ ಪಡೆದಿದ್ದ ಬಾವಲಿಗಳು ಎರಡೇ, ಅವುಗಳಲ್ಲಿ ಇದೊಂದು. 2011ರ ಡಿಸೆಂಬರಿನಲ್ಲಿ 190.42 ಚದರ ಕಿ.ಮೀ. ವಿಸ್ತೀರ್ಣದ ಭೀಮಗಡ ಅಭಯಾರಣ್ಯ ಘೋಷಣೆಯಾದಾಗ ಈ ಗುಹೆಯೂ ಅದರ ರಕ್ಷಣೆಗೆ ಒಳಪಟ್ಟಿತು.

ಬಾವಲಿಗೆ ಬೇಟೆಗಾರನಿಗಿಂತ ದೊಡ್ಡ ಶತ್ರು ಗದ್ದಲ, ಬೆಳಕು ಮತ್ತು ಹೊಗೆ. ಕೀಟಾಹಾರಿ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಮರಿಯಿರುವ ಕಾಲದಲ್ಲಿ ಒಂದು ತಂಡ ಪಂಜು ಹಿಡಿದು ಒಳನುಗ್ಗಿದರೆ ತಾಯಂದಿರು ಬೆದರಿ ಹಾರುತ್ತವೆ, ಮರಿಗಳು ನೆಲಕ್ಕೆ ಬೀಳುತ್ತವೆ. ಇಲಿ ಒಂದು ವರ್ಷದಲ್ಲಿ ತುಂಬಿಕೊಳ್ಳುವ ನಷ್ಟವನ್ನು ಬಾವಲಿ ಹತ್ತು ವರ್ಷದಲ್ಲಿಯೂ ತುಂಬಿಕೊಳ್ಳಲಾರದು. ಕರ್ನಾಟಕದ್ದೇ ಇನ್ನೊಂದು ನಿದರ್ಶನವಿದೆ. ಕೋಲಾರದ ಎಲೆಮೂಗಿನ ಬಾವಲಿಗೆ ಈಗ ಗೊತ್ತಿರುವ ನೆಲೆ ಹನುಮನಹಳ್ಳಿಯ ಒಂದು ಗುಹೆ ಮಾತ್ರ. ಸುತ್ತಲಿನ ಬಂಡೆಗಳಿಗೆ ಕಲ್ಲುಗಣಿಗಾರಿಕೆ ಕೈಹಾಕಿದ್ದರಿಂದ ಅದು ಅಳಿವಿನಂಚಿಗೆ ಬಂದು ನಿಂತಿತು. ಒಂದೇ ಗುಹೆಯಲ್ಲಿ ಬಾಳುವ ಜೀವಿಗೆ ಒಂದೇ ಸಿಡಿಮದ್ದು ಸಾಕು.

ಹೆದರಿಕೆ ಎಂಬ ರೋಗ

2018ರಲ್ಲಿ ಕೇರಳದ ಕೋಳಿಕ್ಕೋಡು ಭಾಗದಲ್ಲಿ ನಿಪಾ ವೈರಸ್ 17 ಜನರನ್ನು ಬಲಿ ತೆಗೆದುಕೊಂಡಿತು. ಅದರ ಆಶ್ರಯದಾತ ಹಣ್ಣು ತಿನ್ನುವ ದೊಡ್ಡ ಬಾವಲಿ. 2020ರಲ್ಲಿ ಕೋವಿಡ್ ಬಂದಾಗ ಬಾವಲಿ ಎಂಬ ಹೆಸರೇ ಭೀತಿಯಾಯಿತು. ಮರಗಳನ್ನು ಕಡಿದು, ಗುಹೆಗಳಿಗೆ ಹೊಗೆಯಿಟ್ಟು ಬಾವಲಿಗಳನ್ನು ಓಡಿಸಬೇಕೆಂಬ ಮಾತು ಹಲವೆಡೆ ಕೇಳಿತು. ದಕ್ಷಿಣ ಏಷ್ಯಾದ ಬಾವಲಿ ಸಂಶೋಧಕರು ಒಟ್ಟಾಗಿ ಹೇಳಿಕೆ ಹೊರಡಿಸಿ, ಬಾವಲಿಗಳಿಂದ ನೇರವಾಗಿ ಕೋವಿಡ್ ಹರಡುತ್ತಿದೆಯೆಂಬುದಕ್ಕೆ ಆಧಾರವಿಲ್ಲವೆಂದು ಸ್ಪಷ್ಟಪಡಿಸಬೇಕಾಯಿತು.

ಇಲ್ಲಿ ವಿಜ್ಞಾನ ಎರಡು ಮಾತನ್ನೂ ಹೇಳುತ್ತದೆ. ಬಾವಲಿಯ ದೇಹದಲ್ಲಿ ವೈರಸ್‌ಗಳಿರುವುದು ನಿಜ. ಆದ್ದರಿಂದ ಬರಿಗೈಯಲ್ಲಿ ಅದನ್ನು ಮುಟ್ಟಬಾರದು, ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಹಿಕ್ಕೆಯ ಧೂಳು ತುಂಬಿದ ಗುಹೆಯೊಳಗೆ ಸುಮ್ಮನೆ ಹೋಗಬಾರದು. ಅದನ್ನು ಕೆಣಕಿ, ನೆಲೆ ತಪ್ಪಿಸಿದಾಗ ಅಪಾಯ ಕಡಿಮೆಯಾಗುವುದಿಲ್ಲವೆಂಬುದೂ ನಿಜ. ನೆಲೆ ಕಳೆದುಕೊಂಡ ಬಾವಲಿ ಮನೆಯ ಮಾಡು, ದನದ ಕೊಟ್ಟಿಗೆ, ಹಿತ್ತಲ ಮರಗಳನ್ನು ಹುಡುಕಿಕೊಂಡು ಬರುತ್ತದೆ. ಗುಹೆಯಿಂದ ದೂರವಿದ್ದರೆ ಎರಡೂ ಕಡೆಗೆ ಕ್ಷೇಮ.

ಬಾವಲಿಯಿಲ್ಲದ ಹೊಲದ ಲೆಕ್ಕವನ್ನು ರೈತರು ಗಮನಿಸಬೇಕು. ಅಮೆರಿಕದಲ್ಲಿ 2006ರಲ್ಲಿ ಮೊದಲು ಕಂಡ ‘ಬಿಳಿಮೂಗು’ ಎಂಬ ಶಿಲೀಂಧ್ರ ರೋಗ ಲಕ್ಷಾಂತರ ಕೀಟಾಹಾರಿ ಬಾವಲಿಗಳನ್ನು ಕೊಂದಿತು. ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾವಲಿಗಳು ಸತ್ತ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸರಾಸರಿ ಶೇ. 31ರಷ್ಟು ಹೆಚ್ಚಿಸಿದರು, ಅದೇ ಜಿಲ್ಲೆಗಳಲ್ಲಿ ಶಿಶುಮರಣ ಸುಮಾರು ಶೇ. 8ರಷ್ಟು ಏರಿತು. ರಾತ್ರಿ ಪುಕ್ಕಟೆಯಾಗಿ ಕೀಟ ಹಿಡಿಯುತ್ತಿದ್ದ ಆಳು ಹೋದಾಗ ಅವನ ಜಾಗಕ್ಕೆ ವಿಷದ ಡಬ್ಬಿ ಬಂದಿತು. ಆ ವಿಷ ಎಳೆಯ ಮಕ್ಕಳವರೆಗೆ ತಲುಪಿತು. ಅಮೆರಿಕದ ಅಂಕಿಯನ್ನು ಹಾಗೆಯೇ ಖಾನಾಪುರದ ಭತ್ತದ ಗದ್ದೆಗೆ ಅಂಟಿಸಲಾಗದು. ಆದರೆ ಕಾಂಡಕೊರಕದ ಪತಂಗ ಹಾರುವುದು ಇರುಳಿನಲ್ಲಿ. ಇರುಳಿನಲ್ಲಿ ಗದ್ದೆಯ ಮೇಲೆ ಬೇಟೆಯಾಡುವುದು ಹಕ್ಕಿಯಲ್ಲ, ಕಣ್ಣಕಪ್ಪಡಿ. ಗಡಿಯ ಮರಾಠಿ ಮನೆಗಳು ಅದನ್ನೇ ವಟವಾಘೂಳ ಎನ್ನುತ್ತವೆ. ಹೆಸರು ಯಾವ ಭಾಷೆಯದಾದರೂ ಕೆಲಸ ಒಂದೇ.

ಸತ್ತ ಮಂಗ ಹೇಳುವ ಸುದ್ದಿ

ಕಾಡಿನ ಪ್ರಾಣಿಯ ಆರೋಗ್ಯಕ್ಕೂ ಊರಿನ ಆರೋಗ್ಯಕ್ಕೂ ಇರುವ ನಂಟನ್ನು ಜಗತ್ತಿಗೆ ತೋರಿಸಿದ ನಾಡುಗಳಲ್ಲಿ ಮಲೆನಾಡೂ ಒಂದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವ ಮತ್ತು ಕೆಂಪು ಮಂಗಗಳು ಸಾಯತೊಡಗಿದವು. ಜೊತೆಗೆ ಊರಿನವರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರ ಕಾರಣವಾದ ವೈರಸ್ಸನ್ನು ಬೇರ್ಪಡಿಸಿ, ಉಣ್ಣೆಗಳಿಂದ ಅದು ಹರಡುವುದೆಂದು ಕಂಡುಹಿಡಿದರು. ಅದೇ ಮಂಗನ ಕಾಯಿಲೆ. ಮಂಗ ಇಲ್ಲಿ ಅಪರಾಧಿಯಲ್ಲ, ರೋಗಿ. ಅದು ಸತ್ತಾಗ ಮೈಮೇಲಿನ ಉಣ್ಣೆಗಳು ಸುತ್ತಲಿನ ತರಗೆಲೆಗಳಿಗೆ ಇಳಿಯುತ್ತವೆ. ಕಟ್ಟಿಗೆಗೆ, ಸೊಪ್ಪಿಗೆ, ದನ ಕಾಯಲು ಹೋದವರಿಗೆ ಅಲ್ಲಿಂದ ರೋಗ ಅಂಟುತ್ತದೆ.

ಈ ರೋಗಕ್ಕೆ ರಾಜ್ಯಗಳ ಗಡಿರೇಖೆ ಗೊತ್ತಿಲ್ಲ. 2015ರಲ್ಲಿ ಖಾನಾಪುರಕ್ಕೆ ಹೊಂದಿಕೊಂಡ ಗೋವಾದ ಸತ್ತರಿ ತಾಲ್ಲೂಕಿನಲ್ಲಿ, ಗೇರುತೋಟಗಳ ಕೆಲಸಗಾರರಲ್ಲಿ ಅದು ಕಾಣಿಸಿಕೊಂಡಿತು. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಹರಡಿತು. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಅದರ ಬಳಕೆ ನಿಂತಿದೆ. ಹೊಸ ಲಸಿಕೆಯ ಕೆಲಸ ನಡೆದಿದೆ. ಹೀಗಿರುವಾಗ ಊರಿನ ಕೈಯಲ್ಲಿರುವ ಮೊದಲ ಅಸ್ತ್ರ ಸುದ್ದಿ ಮುಟ್ಟಿಸುವುದೇ. ಕಾಡಿನಲ್ಲಿ ಮಂಗ ಸತ್ತಿದ್ದನ್ನು ಕಂಡವರು ಅದನ್ನು ಮುಟ್ಟದೆ, ಅಂದೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ರಕ್ಷಕನಿಗೋ ತಿಳಿಸಿದರೆ, ಒಂದು ಊರಿನ ಜ್ವರ ತಪ್ಪಬಹುದು.

ಹೊತ್ತು ತಂದ ರೋಗಿ

ಆದರೆ ಸುದ್ದಿ ಮುಟ್ಟಿಸಲು ದಾರಿ ಬೇಕು. ಅಭಯಾರಣ್ಯದೊಳಗಿನ ಆಮಗಾಂವ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. 2024ರ ಜುಲೈ ಮಳೆಯಲ್ಲಿ ಅಲ್ಲಿಯ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು, ಕಿಲೋಮೀಟರುಗಟ್ಟಲೆ ಕೆಸರಿನ ಹಾದಿ ತುಳಿದು ಆಂಬುಲೆನ್ಸ್ ಮುಟ್ಟಿಸಬೇಕಾಯಿತು. ಕಾಡು ಉಳಿಸುವವರು ಈ ದೃಶ್ಯಕ್ಕೆ ಉತ್ತರ ಕೊಡದೆ ಬಾವಲಿಯ ಮಾತಾಡಿದರೆ, ಆ ಮಾತು ಯಾರ ಕಿವಿಗೂ ಇಳಿಯದು.

ಸರ್ಕಾರ ಹಿಡಿದಿರುವ ಒಂದು ದಾರಿ ಸ್ವಯಂಪ್ರೇರಿತ ಸ್ಥಳಾಂತರ. ತಳೇವಾಡಿಯ 27 ಕುಟುಂಬಗಳು ಒಪ್ಪಿದ ಮೇಲೆ, ತಲಾ 15 ಲಕ್ಷ ರೂಪಾಯಿ ಪರಿಹಾರದ ಮೊದಲ ಕಂತಿನ ಚೆಕ್ಕುಗಳನ್ನು 2025ರ ಮೇ ತಿಂಗಳಲ್ಲಿ ವಿತರಿಸಲಾಯಿತು. ಹೋಗಬಯಸುವವರು ಗೌರವದಿಂದ ಹೋಗುವಂತಾಗಲಿ. ಆದರೆ ಸೌಕರ್ಯ ಕೊಡದೆ ಬೇಸರಗೊಳಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಾಗದು. ಉಳಿಯುವೆವೆನ್ನುವವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯ ಬಲವಿದೆ. ಅವರಿಗೆ ಡಾಂಬರು ಹೆದ್ದಾರಿಯೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ, ವಾರಕ್ಕೊಮ್ಮೆ ಬರುವ ಸಂಚಾರಿ ವೈದ್ಯರು, ಊರಿನಲ್ಲೇ ತರಬೇತಿ ಪಡೆದ ಒಬ್ಬ ಆರೋಗ್ಯ ಕಾರ್ಯಕರ್ತೆ, ಗರ್ಭಿಣಿಯರನ್ನು ಮಳೆಗೆ ಮುನ್ನವೇ ಖಾನಾಪುರದಲ್ಲಿ ಇರಿಸುವ ವ್ಯವಸ್ಥೆ: ಇವುಗಳಿಂದ ಕಾಡು ಕಡಿಯಬೇಕಾಗಿಲ್ಲ. ಬ್ವಿಂಡಿಯ ಬೆಟ್ಟ ಕಲಿಸಿದ ಪಾಠವೂ ಇದೇ. ಸಂರಕ್ಷಣೆಯ ಹೆಸರಿನಲ್ಲಿ ಊರಿಗೆ ಬರುವ ಮೊದಲ ವ್ಯಕ್ತಿ ವೈದ್ಯನಾಗಿರಲಿ.

ಕೈಗೊಳ್ಳಬಹುದಾದ ಕೆಲಸ

ವಿದ್ಯಾರ್ಥಿ ಮಿತ್ರರೇ, ಬಾರಾಪೇಡೆಯ ಅನ್ವೇಷಣೆ ಮುಗಿದಿಲ್ಲ. ಈ ಬಾವಲಿ ರಾತ್ರಿ ಎಷ್ಟು ದೂರ ಹಾರುತ್ತದೆ, ಯಾವ ಕೀಟ ತಿನ್ನುತ್ತದೆ, ಸುತ್ತಲ ಕಾಡಿನಲ್ಲಿ ಬೇರೆ ನೆಲೆಗಳಿವೆಯೇ ಎಂಬುದು ಅಧ್ಯಯನಕ್ಕೆ ಕಾದಿದೆ. ಅದಕ್ಕಾಗಿ ಗುಹೆಯನ್ನು ಹೊಗಬೇಕಾಗಿಲ್ಲ. ಬಾವಲಿಯ ಕೂಗು ಮನುಷ್ಯನ ಕಿವಿಗೆ ಕೇಳದಿದ್ದರೂ ಅದನ್ನು ಹಿಡಿಯುವ ಉಪಕರಣಗಳಿವೆ. ಅರಣ್ಯ ಇಲಾಖೆಯ ಅನುಮತಿ ಪಡೆದು ಹೊರಗೆ ನಿಂತೇ ಎಣಿಸಬಹುದು. ಬೆಳಗಾವಿಯ ಕಾಲೇಜುಗಳಿಗೆ ಇದು ದೂರದ ಮಾತಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿ.ಮೀ. ಮಾತ್ರ.

ರೈತ ಬಂಧುಗಳೇ, ಗದ್ದೆಗೆ ಔಷಧ ಹೊಡೆಯುವ ಮುನ್ನ ಕೀಟದ ಸಂಖ್ಯೆ ನಷ್ಟ ಮಾಡುವ ಮಟ್ಟಕ್ಕೆ ಏರಿದೆಯೇ ಎಂದು ನೋಡಿರಿ. ಹಳೆಯ ಮರದ ಪೊಟರೆಗಳನ್ನು ಉಳಿಸಿರಿ. ಗುಹೆಗೆ ಹೊಗೆಯಿಡುವವರನ್ನು ತಡೆಯಿರಿ. ಸತ್ತ ಮಂಗದ ಸುದ್ದಿಯನ್ನು ಅಡಗಿಸದಿರಿ. ಗ್ರಾಮಸಭೆಯಲ್ಲಿ ಅಭಯಾರಣ್ಯದ ವಿಷಯ ಬಂದಾಗ, ಊರಿನ ಆರೋಗ್ಯದ ಬೇಡಿಕೆಯನ್ನೂ ಗುಹೆಯ ರಕ್ಷಣೆಯನ್ನೂ ಒಂದೇ ಠರಾವಿನಲ್ಲಿ ಬರೆಯಿಸಿರಿ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಬಯಲುನಾಡಿಗೆ ನೀರುಣಿಸುತ್ತಾಳೆ. ದೇಗಾಂವದ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಹರಿದು ಗೋವಾ ಸೇರುತ್ತಾಳೆ. ಎರಡೂ ನದಿಗಳಿಗೆ ತವರು ಒಂದೇ ಕಾಡು. ಆ ಕಾಡಿನ ಗುಹೆಯಲ್ಲಿ ಬಾವಲಿಯೂ, ಅಂಚಿನ ಮನೆಯಲ್ಲಿ ಮಗುವೂ ನೆಮ್ಮದಿಯಿಂದ ನಿದ್ರಿಸುವಂತಾದಾಗ ಮಾತ್ರ ಭೀಮಗಡ ನಿಜವಾದ ಅರ್ಥದಲ್ಲಿ ಅಭಯದ ಅರಣ್ಯವಾಗುತ್ತದೆ.