ರಂಗದ ಹಾಡುಗಾರರ ಕಂಠ

(ಗಿರಣಿ ಕೆಲಸಗಾರರ ಹವ್ಯಾಸಿ ನಾಟಕ ಸಂಘದ ತಾಲೀಮು ಮನೆಯಲ್ಲಿ ಮಾಡಿದ ಭಾಷಣ)



ಸಂಗೀತ ನಾಟಕದವರ ಕಂಠ ಶಿಕ್ಷಣದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಹೇಳಿ ಕಳುಹಿಸಿದಾಗ, ಪಕ್ಷದ ಕೆಲಸ ಮಾಡುವವನಿಗೂ ಸಂಗೀತಕ್ಕೂ ಏನು ನಂಟೆಂದು ಕೆಲವರು ನಕ್ಕರಂತೆ. ನಗಲಿ. 8 ವರ್ಷ ಶಾಲೆಯಲ್ಲಿ 60 ಹುಡುಗರ ಮುಂದೆ ಕೂಗಿದವನಿಗೆ ಗಂಟಲೆಂದರೇನೆಂಬುದು ಗೊತ್ತಿದೆ. ಇನ್ನೊಂದು ಕಾರಣವೂ ಉಂಟು. ನಿಮ್ಮ ನಾಟಕದ ನಾಯಕ ಪಾತ್ರದ ಹುಡುಗ, ನೇಯ್ಗೆ ಖಾತೆಯವನು, 15 ದಿನಗಳಿಂದ ಸ್ವರ ಕೆಡಿಸಿಕೊಂಡು ಕುಳಿತಿದ್ದಾನೆ. ಆಟಕ್ಕೆ ಉಳಿದಿರುವುದು 9 ದಿನ. ಪೇಟೆಯ ಅಂಗಡಿಕಾರರು ಟಿಕೇಟು ಮಾರಿಕೊಟ್ಟಾಗಿದೆ. ಕಲ್ಲುಸಕ್ಕರೆ, ಜೇಷ್ಠಮಧು ಬಾಯಲ್ಲಿಟ್ಟುಕೊಂಡು ಅವನು ಹಾಡಿಯೇ ತೀರಬೇಕೆಂದು ಕೆಲವರ ಒತ್ತಾಯ. ಹಾಡಕೂಡದೆಂದು ನನ್ನ ವಾದ.

ಗಂಟಲಿನಲ್ಲಿ ಧ್ವನಿ ಹುಟ್ಟುವ ಜಾಗದಲ್ಲಿ ಎರಡು ಸಣ್ಣ ಮಡಿಕೆಗಳಿವೆ. ಗಂಡಸರಲ್ಲಿಯೂ ಅವುಗಳ ಉದ್ದ ಒಂದು ಅಂಗುಲದ ಒಳಗೇ. ಕೆಳಗಿನಿಂದ ಬರುವ ಉಸಿರು ಅವನ್ನು ಅದುರಿಸುತ್ತದೆ. ಪೇಟಿಯ ಕರಿ ಒಂದರ ಷಡ್ಜ ಹಿಡಿದರೆ ಅವು ಸೆಕೆಂಡಿಗೆ ಸುಮಾರು 139 ಸಲ ಒಂದಕ್ಕೊಂದು ತಾಗುತ್ತವೆ. ಕರಿ ನಾಲ್ಕು ಹಿಡಿದರೆ 208 ಸಲ. ಅಲ್ಲಿಂದ ತಾರ ಷಡ್ಜಕ್ಕೆ ಏರಿದರೆ 415. ಲಾಳಿ ಮಗ್ಗ ನಿಮಿಷವೊಂದರಲ್ಲಿ ಹಾಕುವ ಹೊಡೆತಗಳನ್ನು ಇವು ಸೆಕೆಂಡಿನಲ್ಲಿ ಹಾಕುತ್ತವೆಂದು ತಿಳಿಯಿರಿ. ಮೇಲೆ ಬಲವಂತವನ್ನೂ ಸೇರಿಸಿದರೆ, ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುವ ಹಾಗೆ ಮಡಿಕೆಗಳ ಮೇಲೂ ಗಂಟು ಏಳುತ್ತದೆ. ಗಂಟೆದ್ದ ಮಡಿಕೆ ಪೂರ್ತಿ ಮುಚ್ಚುವುದಿಲ್ಲ. ಗಾಳಿ ಸೋರಿ ಸ್ವರ ಒಡಕಾಗುತ್ತದೆ. ನುಂಗಿದ ಕಲ್ಲುಸಕ್ಕರೆ ಹೋಗುವುದು ಅನ್ನನಾಳಕ್ಕೆ, ಮಡಿಕೆಯನ್ನು ಅದು ಮುಟ್ಟುವುದೇ ಇಲ್ಲ. ಪಿಸುಗುಟ್ಟಿ ಮಾತಾಡಿದರೆ ವಿಶ್ರಾಂತಿಯೆಂದು ಕೆಲವರು ತಿಳಿದಿದ್ದಾರೆ. ಬಿಗಿಹಿಡಿದು ಪಿಸುಗುಟ್ಟುವುದೂ ದಣಿವೇ.

ಹಾಗಾದರೆ ಕಂಪನಿ ನಾಟಕದವರು ಕರಿ ನಾಲ್ಕು, ಕರಿ ಐದರಲ್ಲಿ ಹಾಡಲಿಲ್ಲವೇ ಎಂದು ಪೇಟಿ ಮಾಸ್ತರರು ಕೇಳುತ್ತಾರೆ. ಹಾಡಿದರು. ಅಂದು ಧ್ವನಿವರ್ಧಕವಿರಲಿಲ್ಲ, ತಗಡಿನ ಥಿಯೇಟರಿನ ಕೊನೆಯ ಸಾಲಿನವನೂ ಕಾಸು ಕೊಟ್ಟೇ ಬಂದಿರುತ್ತಿದ್ದ, ಅವನಿಗೆ ಕೇಳಿಸಬೇಕಿತ್ತು. ಹಾಡಿ ಹೆಸರು ಮಾಡಿದವರನ್ನು ನಾವು ನೆನೆಯುತ್ತೇವೆ. ಗಂಟಲು ಒಡೆದು ಪರದೆ ಎಳೆಯುವ ಕೆಲಸಕ್ಕೆ ಇಳಿದವರ ಲೆಕ್ಕ ಯಾರು ಇಟ್ಟರು?

ಭಾಸ್ಕರಬುವಾ ಬಖಲೆಯವರ ಸಂಗತಿ ಕೇಳಿ. ಹುಟ್ಟಿದ್ದು 1869ರಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಕಟ್ಟಿದ ಮರಾಠಿ ನಾಟಕ ಮಂಡಳಿಯಲ್ಲಿ ಬಾಲನಟರಾಗಿ ಹಾಡುತ್ತಿದ್ದರು. ಪ್ರಾಯಕ್ಕೆ ಬಂದು ಧ್ವನಿ ಒಡೆಯಿತು; ಮಂಡಳಿಯಲ್ಲಿದ್ದ ಸ್ಥಾನವೂ ಹೋಯಿತು. ಬಡೋದೆಗೆ ಹೋಗಿ ಉಸ್ತಾದರ ಮನೆಯಲ್ಲಿ ಸೇವೆ ಮಾಡುತ್ತ ಮೊದಲಿನಿಂದ ಕಲಿತರು. ಮುಂದೆ ಬಾಲಗಂಧರ್ವರಿಗೆ ವಿದ್ಯೆ ಹೇಳಿದ ಗುರು ಇವರೇ. ನಮ್ಮ ಕುಂದಗೋಳದ ಸವಾಯಿ ಗಂಧರ್ವರದೂ ಇಂಥದೇ ಕಥೆ. ಒಡೆದ ಮೇಲೆ ಒರಟಾಗಿ ನಿಂತ ಕಂಠವನ್ನು ಅಬ್ದುಲ್ ಕರೀಂ ಖಾನರ ಬಳಿ ವರ್ಷಗಟ್ಟಲೆ ಸಾಧಿಸಿ ಪಳಗಿಸಿದರು. ಆಮೇಲೂ ಕಛೇರಿಯ ಆರಂಭದಲ್ಲಿ ಅವರ ಸ್ವರ ಕಾವೇರಲು ಹೊತ್ತು ಹಿಡಿಯುತ್ತಿತ್ತು, ಕೇಳುವವರು ಕಾಯುತ್ತಿದ್ದರು. ಕಾಯುವ ತಾಳ್ಮೆ ನಮಗೇಕಿಲ್ಲ?

ಮುಂದುವರಿದ ಶಿಕ್ಷಣವೆಂದರೆ ಇನ್ನಷ್ಟು ಮೇಲಕ್ಕೆ ಕೂಗುವುದಲ್ಲ. ಹಾಡಲು ಬರುವವನಿಗೆ ಕಲಿಸಬೇಕಾದದ್ದು ಬೇರೆಯೇ. ಮೊದಲನೆಯದು ಉಸಿರು. ಭುಜ ಎತ್ತಿ ಎಳೆದ ಉಸಿರು ಅರ್ಧ ಸಾಲಿಗೆ ಮುಗಿಯುತ್ತದೆ. ಕೆಳಗಿನ ಪಕ್ಕೆಲುಬು ಅರಳಬೇಕು, ಹೊಟ್ಟೆ ಸಡಿಲಬೇಕು, ಆಮೇಲೆ ಗಾಳಿಯನ್ನು ಕಿರಾಣಿ ಅಂಗಡಿಯವನು ಎಣ್ಣೆ ಅಳೆಯುವಂತೆ ಬಿಡಬೇಕು. ಬೆಳಗಿನ ಹೊತ್ತು ಮಂದ್ರದಲ್ಲಿ ನಿಂತು ಮಾಡುವ ಖರ್ಜ ಸಾಧನೆ ಹಳೆಯವರ ವಿದ್ಯೆ. ಇಂದಿನ ಕಂಠವೈದ್ಯರು ಬಾಯಿ ಮುಚ್ಚಿ ಗುಂಯ್‌ಗುಡುವುದು, ತುಟಿಯನ್ನು ಬುರ್ರೆನ್ನಿಸುವುದು, ಊದುಕೊಳವೆಯನ್ನು ನೀರಿನಲ್ಲಿ ಅದ್ದಿ ಸ್ವರ ಊದುವುದು ಇವನ್ನೂ ಹೇಳಿಕೊಡುತ್ತಾರೆ. ನೋಡುವವರಿಗೆ ಮಕ್ಕಳಾಟ. ಬಾಯ ಬಳಿ ತಡೆದ ಗಾಳಿ ಹಿಂದಕ್ಕೆ ಒತ್ತುವುದರಿಂದ ಮಡಿಕೆಗಳು ಜೋರಾಗಿ ಬಡಿಯದೆ ಮೃದುವಾಗಿ ಕೂಡುತ್ತವೆ, ಗುಟ್ಟು ಅಷ್ಟೇ. ಇನ್ನು ನಾಟಕದವನಿಗೇ ವಿಶೇಷವಾದದ್ದು ಮಾತಿನಿಂದ ಹಾಡಿಗೆ ದಾಟುವ ಹೊಸ್ತಿಲು. ಸಿಟ್ಟಿನ ಸಂಭಾಷಣೆಯನ್ನು ಗಂಟಲು ಬಿಗಿದು ಕಿರುಚಿ, ಮರುಕ್ಷಣ ಆಲಾಪ ತೆಗೆದರೆ ಯಾವ ಕಂಠವೂ ಬಾಳದು. ಸಿಟ್ಟನ್ನು ಅಕ್ಷರದ ಒತ್ತಿನಲ್ಲಿ, ಕಣ್ಣಿನಲ್ಲಿ ತೋರಿಸಲು ಅಭ್ಯಾಸ ಬೇಕು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಇಲ್ಲಿ ನಮ್ಮ ಜನರ ಕಷ್ಟ ಬೇರೆಯಾಗಿದೆ. ಲಾಳಿ ಮಗ್ಗದ ಖಾತೆಯಲ್ಲಿ ಗದ್ದಲ 90 ಡೆಸಿಬೆಲ್ ದಾಟುತ್ತದೆ. ತನ್ನ ಧ್ವನಿ ತನಗೇ ಕೇಳದಿದ್ದರೆ ಮನುಷ್ಯ ತಿಳಿಯದೆಯೇ ಕೂಗುತ್ತಾನೆ. ಪಾಳಿಯುದ್ದಕ್ಕೂ ಕೂಗಿ, ಹತ್ತಿಯ ಧೂಳು ಕುಡಿದು, ಸಂಜೆ ಇಲ್ಲಿಗೆ ಬಂದು ಕರಿ ನಾಲ್ಕು! ರಂಗದ ಮೇಲೂ ಅದೇ ಪಾಡು: ಧ್ವನಿವರ್ಧಕದ ಬಾಯೆಲ್ಲ ಪ್ರೇಕ್ಷಕರ ಕಡೆಗೆ, ನಟನಿಗೆ ಕೇಳುವುದು ತಬಲಾ ಮಾತ್ರ. 1948ರ ಕಾರ್ಖಾನೆ ಕಾಯಿದೆಯ ರೋಗಗಳ ಪಟ್ಟಿಯಲ್ಲಿ ಹತ್ತಿಧೂಳಿನ ಶ್ವಾಸರೋಗ ಸೇರಿತ್ತು, ಗದ್ದಲದ ಕಿವುಡು ಸೇರಿತ್ತು; ಕಂಠ ಸೇರಲಿಲ್ಲ. ಪೋಲೆಂಡಿನಲ್ಲಿ ಉಪಾಧ್ಯಾಯರ ಕಂಠರೋಗವನ್ನು ವೃತ್ತಿರೋಗವೆಂದು ಕಾನೂನೇ ಒಪ್ಪಿದೆ. ಅದು ಸಂಘದ ಬೇಡಿಕೆಯಾಗಿ ಮುಂದೆ ಬರಬೇಕಾದ ಮಾತು, ಇಂದು ರಾತ್ರಿ ತೀರುವಂಥದಲ್ಲ.

ಇಂದು ರಾತ್ರಿ ತೀರಬೇಕಾದದ್ದು ಆಟದ ತಾರೀಖು. ಆ ಹುಡುಗನಿಗೆ ಸಂಬಳ ತರುವುದು ಕೈ, ಕಂಠವಲ್ಲ, ಆದ್ದರಿಂದ ಪರವಾಗಿಲ್ಲವೆಂದು ಒಬ್ಬರು ಹೇಳಿದರು. ಊರು ಅವನನ್ನು ಹೆಸರು ಹಿಡಿದು ಕರೆಯುವುದು ಆ ಕಂಠದಿಂದ. ಗಿರಣಿಯಲ್ಲಿ ಅವನಿಗಿರುವುದು ನಂಬರು. ನನ್ನ ಸೂಚನೆ: ಆಟ 6 ವಾರ ಮುಂದೆ ಹೋಗಲಿ. ಮಾರಿದ ಟಿಕೇಟು ಅಂದಿಗೂ ನಡೆಯಲಿ, ಬೇಡವೆಂದವರಿಗೆ ಹಣ ವಾಪಸು. ಅಂಗಡಿಕಾರ ಮಿತ್ರರು ಗಿರಾಕಿಗಳಿಗೆ ಈ ಮಾತು ತಿಳಿಸಿಯಾರೆಂದು ನಂಬಿದ್ದೇನೆ. ಹುಡುಗನನ್ನು ನಾಳೆಯೇ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ಯುತ್ತೇನೆ. 3 ವಾರ ದಾಟಿದ ಒಡಕು ಸ್ವರ ಯಾರಿಗಿದ್ದರೂ, ತಂಬಾಕು ಹಾಕುವವರಂತೂ ಅವಶ್ಯವಾಗಿ, ಜೊತೆಗೆ ಬನ್ನಿ. 9 ಗಂಟೆಗೆ ಚೀಟಿ ಬರೆಯುವ ಕಿಟಕಿಯ ಬಳಿ ಇರುತ್ತೇನೆ. ಪೇಟಿ ಮಾಸ್ತರರೇ, ತಾಲೀಮು ಮತ್ತೆ ಶುರುವಾದಾಗ ಕರಿ ಒಂದರಿಂದ ಹಿಡಿಯೋಣವೇ?