ಕೊಡಗು ಇನ್ನೂ ಹಾಕಿಯ ರಾಜಧಾನಿಯೇ?

1975ರ ಮಾರ್ಚ್ 15. ಕ್ವಾಲಾಲಂಪುರದಲ್ಲಿ ವಿಶ್ವಕಪ್ ಹಾಕಿಯ ಫೈನಲ್, ಎದುರಾಳಿ ಪಾಕಿಸ್ತಾನ. ಟಿ.ವಿ. ಇನ್ನೂ ಕಾಲಿಡದ ಊರುಗಳಿಗೆ ಆ ಪಂದ್ಯ ಮುಟ್ಟಿದ್ದು ರೇಡಿಯೋದ ಮೂಲಕ, ಜಸ್‌ದೇವ್ ಸಿಂಗ್ ಅವರ ಹಿಂದಿ ವೀಕ್ಷಕ ವಿವರಣೆಯ ಮೂಲಕ. ಮೊದಲ ಗೋಲು ಪಾಕಿಸ್ತಾನದ್ದು. ಸುರ್ಜಿತ್ ಸಿಂಗ್ ಅದನ್ನು ಸರಿಗಟ್ಟಿದರು. ಆಮೇಲೆ ಧ್ಯಾನಚಂದ್ ಅವರ ಮಗ ಅಶೋಕ್ ಕುಮಾರ್ ಹೊಡೆದ ಗೋಲಿನಿಂದ ಭಾರತ 2-1ರಲ್ಲಿ ಗೆದ್ದಿತು. ಪುರುಷರ ವಿಶ್ವಕಪ್ ನಮ್ಮ ಕೈಗೆ ಬಂದದ್ದು ಅದೊಂದೇ ಸಲ. ಆ ತಂಡದ ಮುಂಚೂಣಿಯಲ್ಲಿ ಕೊಡಗಿನ ಸೋಮವಾರಪೇಟೆಯ ಬಿ.ಪಿ. ಗೋವಿಂದ ಇದ್ದರು.

ಅದಕ್ಕೆ ಎರಡು ವರ್ಷ ಮೊದಲು, 1973ರಲ್ಲಿ, ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್ಪಿಗೆ ಭಾರತದ ನಾಯಕರಾಗಿ ಹೋಗಿದ್ದವರು ಮೊಳ್ಳೇರ ಪೂವಯ್ಯ ಗಣೇಶ್, ಅಂದರೆ ಎಂ.ಪಿ. ಗಣೇಶ್. ಅವರೂ ಕೊಡಗಿನವರೇ. ಫೈನಲ್‌ನಲ್ಲಿ ಎರಡು ಗೋಲು ಮುಂದಿದ್ದ ಭಾರತವನ್ನು ಡಚ್ಚರು ಹಿಡಿದು ನಿಲ್ಲಿಸಿದರು. ಹೆಚ್ಚುವರಿ ಆಟದಲ್ಲಿ ಸಿಕ್ಕ ಪೆನಾಲ್ಟಿ ಸ್ಟ್ರೋಕ್ ಹೊಡೆಯಲು ಬಂದವರು ಇದೇ ಗೋವಿಂದ, ಅದು ಗೋಲಾಗಲಿಲ್ಲ. ಕೊನೆಗೆ ಟೈಬ್ರೇಕರ್‌ನಲ್ಲಿ ಕಪ್ಪು ಕೈತಪ್ಪಿತು. ದೇಶದ ಭಾಗ್ಯ ಒಂದು ಸ್ಟ್ರೋಕಿನ ಮೇಲೆ ನಿಂತ ಹೊತ್ತಿನಲ್ಲಿ ನಾಯಕನೂ ಕೊಡಗಿನವ, ಹೊಡೆಯುವವನೂ ಕೊಡಗಿನವ. 'ಹಾಕಿಯ ತವರು' ಎಂಬ ಬಿರುದು ಸುಮ್ಮನೆ ಬಂದದ್ದಲ್ಲ.

ಆ ಬಿರುದು ಇಂದಿಗೂ ಸಲ್ಲುತ್ತದೆಯೇ ಎಂಬುದು ಇವತ್ತಿನ ಮಾತು. ಯಾದಗಿರಿ, ಶಹಾಪುರ, ಸುರಪುರದ ಕಡೆ ಕುಳಿತು ಇದನ್ನು ಕೇಳುವವರಿಗೆ 'ಎಲ್ಲಿಯ ಕೊಡಗು, ಎಲ್ಲಿಯ ನಾವು' ಅನ್ನಿಸಬಹುದು. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ ಸುಮಾರು 5 ಲಕ್ಷ 54 ಸಾವಿರ, ಯಾದಗಿರಿ ಜಿಲ್ಲೆಯದು 11 ಲಕ್ಷ 74 ಸಾವಿರ. ನಮ್ಮ ಅರ್ಧಕ್ಕಿಂತಲೂ ಕಡಿಮೆ ಜನ ಇರುವ ಜಿಲ್ಲೆಯೊಂದು ಇಷ್ಟು ಒಲಿಂಪಿಯನ್ನರನ್ನು ಹೇಗೆ ಕೊಟ್ಟಿತು ಎಂದು ಹುಡುಕಹೊರಟರೆ, ದಾರಿ ಸುರಪುರದ ಕೋಟೆಯನ್ನೂ ಹಾದೇ ಹೋಗುತ್ತದೆ.

ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. ಅಲ್ಲಿಯೂ ಬಂಡಾಯ ಆಗದೆ ಇರಲಿಲ್ಲ. 1837ರ ಅಮರಸುಳ್ಯದ ದಂಗೆ ಅದೇ ಸೀಮೆಯದು. ಆದರೆ 1857ರ ಬಿರುಗಾಳಿಯಲ್ಲಿ ಕೊಡಗು ಸರ್ಕಾರದ ವಿರುದ್ಧ ಏಳಲಿಲ್ಲ. ದೇಶದ ಜನರ ಆಯುಧ ಕಸಿಯುತ್ತಿದ್ದ ಆ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಸಿಕ್ಕಿತು. ಇಂದಿಗೂ ಕೈಲ್‌ಪೊಳ್ದ್ ಹಬ್ಬದ ದಿನ ಆ ಕೋವಿಗಳಿಗೆ ಪೂಜೆ ನಡೆಯುತ್ತದೆ.

ಸುರಪುರದ ಕಥೆ ಇದಕ್ಕೆ ತದ್ವಿರುದ್ಧ. ಬೇಡರ ಈ ಸಂಸ್ಥಾನದ ಶೌರ್ಯ ಕೊಡವರದಕ್ಕಿಂತ ಒಂದು ಕೈ ಮೇಲೇ ಹೊರತು ಕಡಿಮೆಯದ್ದಲ್ಲ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕಣ್ಣೆದುರು ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರ ಫೆಬ್ರುವರಿಯಲ್ಲಿ ಕಂಪನಿ ಸೈನ್ಯದ ಮೇಲೆ ತಿರುಗಿಬಿದ್ದ, ಸೋತ, ಸೆರೆಯಾದ, ಅದೇ ವರ್ಷ ತೀರಿಕೊಂಡ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಆಯುಧ ಉಳಿಸಿಕೊಂಡ ಗುಡ್ಡಗಾಡಿನ ಜನ ಬ್ರಿಟಿಷ್ ಪಲ್ಟಣ ಸೇರಿದರು. ಬಂಡೆದ್ದ ಬಯಲುಸೀಮೆಯ ವೀರರಿಗೆ ಆ ಬಾಗಿಲು ಮುಚ್ಚಿತು. ಹಾಕಿ ಈ ದೇಶಕ್ಕೆ ಬಂದದ್ದು ದಂಡಿನ ಪ್ರದೇಶಗಳ ಮೂಲಕ, ಸಿಪಾಯಿಗಳ ಮೈದಾನಗಳ ಮೂಲಕ. ರಜೆಗೆ ಊರಿಗೆ ಬಂದ ಸೈನಿಕನ ಟ್ರಂಕಿನ ಜೊತೆ ಸ್ಟಿಕ್ಕೂ ಬಂತು. ಕೊಡಗಿಗೆ ಹಾಕಿ ಹೋದದ್ದಕ್ಕೂ ಸುರಪುರಕ್ಕೆ ಬಾರದೇ ಉಳಿದದ್ದಕ್ಕೂ ಮೈಕಟ್ಟು, ರಕ್ತ, ಹವಾಮಾನ ಎಂದು ಕಾರಣ ಹೇಳುವವರು ಈ ಇತಿಹಾಸವನ್ನು ಒಮ್ಮೆ ತಿರುವಿಹಾಕಬೇಕು.

ಸೇನೆಯ ನಂಟು ಸ್ವಾತಂತ್ರ್ಯದ ನಂತರವೂ ಕಡಿಯಲಿಲ್ಲ. ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕಾರ್ಯಪ್ಪ ಕೊಡಗಿನವರು, ಮುಂದೆ ಅದೇ ಸೇನೆಯ ಮುಖ್ಯಸ್ಥರಾದ ತಿಮ್ಮಯ್ಯನವರೂ ಅಲ್ಲಿಯವರೇ. ಬೆಂಗಳೂರಿನಲ್ಲಿ ಆರ್ಮಿ ಸರ್ವಿಸ್ ಕೋರ್, ಮದ್ರಾಸ್ ಎಂಜಿನಿಯರ್ ಗ್ರೂಪ್ ಇದ್ದವು. ಎರಡಕ್ಕೂ ಹೆಸರುವಾಸಿ ಹಾಕಿ ತಂಡಗಳು. ಎಂ.ಪಿ. ಗಣೇಶ್ ಮೊದಲು ಕೊಡಗು ಜಿಲ್ಲೆಯ ಫುಟ್‌ಬಾಲ್ ಆಟಗಾರ; ಹಾಕಿಯಲ್ಲಿ ಬೆಳೆದದ್ದು ಸೇನೆಗೆ ಸೇರಿದ ಮೇಲೆ. ಆಮೇಲಿನ ತಲೆಮಾರಿಗೆ ಬ್ಯಾಂಕು, ತೈಲ ಕಂಪನಿ, ಸಾರ್ವಜನಿಕ ಕಾರ್ಖಾನೆಗಳ ನೌಕರಿ ಆಸರೆಯಾಯಿತು. ಸ್ಟಿಕ್ ಹಿಡಿದವನಿಗೆ ಪಗಾರ ಖಾತ್ರಿ ಇತ್ತು. ಮಗ ಆಟ ಆಡಿದರೆ ಕೆಟ್ಟ ಎನ್ನದ ಸಮಾಜ ನಮ್ಮಲ್ಲಿ ಅಪರೂಪ. ಕೊಡಗಿನಲ್ಲಿ ಅದು ಆಗಿತ್ತೆಂದರೆ ಈ ನೌಕರಿಗಳ ಪಾಲು ಸಣ್ಣದಲ್ಲ.

1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಭಾರತ ತನ್ನ ಎಂಟನೆಯ, ಈವರೆಗಿನ ಕೊನೆಯ ಹಾಕಿ ಚಿನ್ನ ಗೆದ್ದಾಗ ತಂಡದಲ್ಲಿ ಕೊಡಗಿನ ಮನೆಯಪಂಡ ಎಂ. ಸೋಮಯ್ಯ ಇದ್ದರು. 1988ರ ಸಿಯೋಲ್‌ನಲ್ಲಿ ನಾಯಕರೂ ಅವರೇ. 1992ರ ಬಾರ್ಸಿಲೋನಾಕ್ಕೆ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ಸಿ.ಎಸ್. ಪೂಣಚ್ಚ ಹೋದರು. 2004ರ ಅಥೆನ್ಸ್‌ನಲ್ಲಿ ಅರ್ಜುನ್ ಹಾಲಪ್ಪ. ಸರಪಳಿ ಹೀಗೆ ಬೆಳೆಯುತ್ತ ಹೋಯಿತು.

ಆದರೆ ನೆಲ ಬದಲಾಗಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಅಲ್ಲಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಗೋವಿಂದ ಆ ತಂಡದಲ್ಲೂ ಇದ್ದರು. ಹುಲ್ಲಿನ ಮೇಲೆ ಚೆಂಡು ಪುಟಿಯುತ್ತದೆ, ನಿಲ್ಲುತ್ತದೆ, ಮಣಿಕಟ್ಟಿನ ಚಮತ್ಕಾರಕ್ಕೆ ಬಗ್ಗುತ್ತದೆ. ಟರ್ಫ್ ಮೇಲೆ ಅದು ನುಣುಪಾಗಿ ಜಾರುತ್ತದೆ, ಆಟ ಓಟವಾಗುತ್ತದೆ. 91.4 ಮೀಟರ್ ಉದ್ದ, 55 ಮೀಟರ್ ಅಗಲದ ಆ ಹಾಸಿಗೆ ಕೋಟಿಗಟ್ಟಲೆ ಖರ್ಚು, ಪಂದ್ಯಕ್ಕೆ ಮೊದಲು ಅದಕ್ಕೆ ಉಣಿಸುವ ನೀರು ಸಾವಿರಾರು ಲೀಟರ್. ಗದ್ದೆ ಕೊಯ್ಲಾದ ಮೇಲೆ ಅದೇ ಬಯಲಲ್ಲಿ ಆಡಿ ಬೆಳೆದ ಹುಡುಗರು ಏಕಾಏಕಿ ಹಿಂದೆ ಬಿದ್ದರು. ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆಗಳಿಗೆ ಟರ್ಫ್ ಬಂತು, ನಿಜ. ಅಷ್ಟರಲ್ಲಿ ಆಟ ಬಹಳ ದೂರ ಓಡಿಬಿಟ್ಟಿತ್ತು.

ಈ ನಡುವೆ, 1997ರಲ್ಲಿ, ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಎಂಬ ನಿವೃತ್ತ ಬ್ಯಾಂಕ್ ನೌಕರ, ಹಾಕಿ ಅಂಪೈರ್ ಕೂಡ, ಒಂದು ಯೋಚನೆ ಮಾಡಿದರು. ಕೊಡವರಲ್ಲಿ ಪ್ರತಿಯೊಬ್ಬರೂ ಒಂದು ಒಕ್ಕಕ್ಕೆ ಸೇರಿದವರು. ಒಕ್ಕದ ಹೆಸರೇ ಮನೆತನದ ಹೆಸರು, ಅದಕ್ಕೊಂದು ಮೂಲಮನೆ, ಅದೇ ಐನ್‌ಮನೆ. ಕ್ಲಬ್ಬುಗಳ ಬದಲು ಒಕ್ಕಗಳೇ ತಂಡ ಕಟ್ಟಿ ಆಡಿದರೆ ಹೇಗೆ? ಮೊದಲ ವರ್ಷ 60 ಕುಟುಂಬಗಳು ಬಂದವು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಕುಟುಂಬದ ಹೆಸರು. ಬೇಸಿಗೆಯಲ್ಲಿ ಶುರುವಾದರೆ ತಿಂಗಳ ತನಕ ನಡೆಯುತ್ತದೆ. ಅಜ್ಜ, ಮೊಮ್ಮಗ, ಸೊಸೆ, ಅತ್ತೆ ಒಂದೇ ತಂಡದಲ್ಲಿ. ಮದುವೆಯಾದ ಹೆಣ್ಣುಮಗಳು ತವರಿನ ಪರವಾಗಿಯೂ ಆಡಬಹುದು, ಗಂಡನ ಮನೆಯ ಪರವಾಗಿಯೂ ಆಡಬಹುದು, ಆಯ್ಕೆ ಅವಳದು. ಜಾಯಿಂಟ್ ಫ್ಯಾಮಿಲಿ ಒಡೆದುಹೋಯಿತೆಂದು ಮರುಗುವ ನಮ್ಮ ಊರುಗಳಲ್ಲಿ ಅತ್ತೆ-ಸೊಸೆಯನ್ನು ಒಂದೇ ಕಡೆಯ ಗೋಲಿಗಾಗಿ ಓಡಿಸಿದ ಬೇರೆ ಉಪಾಯ ಕಂಡಿಲ್ಲ.

ಪ್ರವಾಹ, ಭೂಕುಸಿತ, ಕೋವಿಡ್ ಎಂದು ನಡುವೆ ಕೆಲವು ವರ್ಷ ಉತ್ಸವ ನಿಂತಿತು. 2020ರಲ್ಲಿ ಕುಟ್ಟಪ್ಪ ತೀರಿಕೊಂಡರು. ಆದರೂ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆ ಬರೆದವು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ ಬಂದ ತಂಡಗಳು 396. ಜಗತ್ತಿನಲ್ಲಿ ಇಷ್ಟು ತಂಡಗಳ ಇನ್ನೊಂದು ಹಾಕಿ ಪಂದ್ಯಾವಳಿ ಇಲ್ಲ.

ಇನ್ನು ಲೆಕ್ಕದ ಇನ್ನೊಂದು ಬದಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಸೋಮವಾರಪೇಟೆಯ ಬಡಗಿಯೊಬ್ಬರ ಮಗ ಎಸ್.ವಿ. ಸುನಿಲ್, ಡ್ರ್ಯಾಗ್ ಫ್ಲಿಕ್ ಪರಿಣತ ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ ಮೂವರಿದ್ದರು. 2016ರ ರಿಯೋದಲ್ಲಿ ಇವರ ಜೊತೆ ನಿಕಿನ್ ತಿಮ್ಮಯ್ಯ ಸೇರಿ ನಾಲ್ವರಾದರು. ಅಂದರೆ ಹದಿನಾರು ಜನರ ತಂಡದಲ್ಲಿ ಕಾಲು ಭಾಗ. ಐದು ವರ್ಷದ ಮೇಲೆ ಟೋಕಿಯೋದಲ್ಲಿ ಭಾರತ 41 ವರ್ಷಗಳ ಬರ ಮುರಿದು ಕಂಚು ಗೆದ್ದಿತು. ಆ ತಂಡದಲ್ಲಿ ಕೊಡಗಿನ ಆಟಗಾರ ಒಬ್ಬನೂ ಇರಲಿಲ್ಲ. 2024ರ ಪ್ಯಾರಿಸ್‌ನಲ್ಲಿ ಮತ್ತೆ ಕಂಚು, ಮತ್ತೆ ಸೊನ್ನೆ. 2025ರಲ್ಲಿ ಬಿಹಾರದ ರಾಜಗೀರ್‌ನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲೂ ಇಲ್ಲ. ನಾಲ್ಕರಿಂದ ಸೊನ್ನೆಗೆ ಇಳಿದದ್ದು ಒಂದೇ ಒಲಿಂಪಿಕ್ಸ್ ಅವಧಿಯಲ್ಲಿ.

ಹಾಗಾದರೆ ರಾಜಧಾನಿ ಎಲ್ಲಿಗೆ ಹೋಯಿತು? ಮೊದಲ ಉತ್ತರ ಒಡಿಶಾದ ಸುಂದರ್‌ಗಢ. ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್ ಆ ಜಿಲ್ಲೆಯವರು. ಅಲ್ಲಿನ ಹಳ್ಳಿ ಪಂದ್ಯಗಳಲ್ಲಿ ಗೆದ್ದ ತಂಡಕ್ಕೆ ಬಹುಮಾನ ಹೋತ. ಆವತ್ತೇ ಊರಿಗೆ ಊಟ. ನಮ್ಮ ಜಾತ್ರೆಯ ಕುಸ್ತಿ ನೋಡಿದವರಿಗೆ ಈ ಉತ್ಸಾಹ ಅಪರಿಚಿತವಲ್ಲ. ವ್ಯತ್ಯಾಸ ಇರುವುದು ಸರ್ಕಾರದ ಕಡೆ: ಒಡಿಶಾ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವವನ್ನೇ ಹೊತ್ತುಕೊಂಡಿತು, 2023ರಲ್ಲಿ ಅದೇ ಜಿಲ್ಲೆಯ ರೂರ್ಕೆಲಾದಲ್ಲಿ ಇಪ್ಪತ್ತು ಸಾವಿರ ಆಸನಗಳ ಬಿರ್ಸಾ ಮುಂಡಾ ಕ್ರೀಡಾಂಗಣ ಕಟ್ಟಿ ವಿಶ್ವಕಪ್ ಆಡಿಸಿತು. ಹಳ್ಳಿಯ ಹೋತದಿಂದ ವಿಶ್ವಕಪ್ಪಿನ ತನಕ ಒಂದೇ ಜಿಲ್ಲೆಯೊಳಗೆ ಮೆಟ್ಟಿಲು ಇದೆ.

ಪಂಜಾಬಿನ ಜಲಂಧರ್ ಪಕ್ಕದ ಸಂಸಾರ್‌ಪುರದ ಕಥೆ ಎಚ್ಚರಿಕೆಯದು. ಒಂದೇ ಹಳ್ಳಿಯಿಂದ 14 ಒಲಿಂಪಿಯನ್ನರು. 1975ರ ವಿಶ್ವಕಪ್ ವಿಜೇತ ನಾಯಕ ಅಜಿತ್‌ಪಾಲ್ ಸಿಂಗ್ ಅಲ್ಲಿಯವರು. ಟರ್ಫ್ ಯುಗದಲ್ಲಿ ಆ ಊರು ಬರಿದಾಯಿತು. ಆದರೆ ಹಾಕಿ ಜಲಂಧರ್ ಬಿಟ್ಟು ಓಡಲಿಲ್ಲ. ಅದೇ ಜಲಂಧರಿನ ಮೀಠಾಪುರದಿಂದ ಪರ್ಗತ್ ಸಿಂಗ್, ಮನ್‌ಪ್ರೀತ್ ಸಿಂಗ್, ಮನ್‌ದೀಪ್ ಸಿಂಗ್ ಬಂದರು.

ಕೊಡಗಿನಿಂದ ಆಟ ಹಾಗೆ ಪಕ್ಕದ ಊರಿಗೆ ಸರಿಯಲಿಲ್ಲ, ಬೇರೆ ಆಟಕ್ಕೆ ಸರಿಯಿತು. ರಾಬಿನ್ ಉತ್ತಪ್ಪ ಅವರ ತಂದೆ ಹಾಕಿ ಅಂಪೈರ್. ಮಗ ಕ್ರಿಕೆಟ್ ಸೇರಿ 2007ರ ಟಿ-20 ವಿಶ್ವಕಪ್ ಗೆದ್ದ ತಂಡದಲ್ಲಿ ಆಡಿದರು. ಅಶ್ವಿನಿ ಪೊನ್ನಪ್ಪ ಅವರ ತಂದೆ ಹಾಕಿ ಆಟಗಾರ. ಮಗಳು ಹಿಡಿದದ್ದು ಬ್ಯಾಡ್ಮಿಂಟನ್ ರ‍್ಯಾಕೆಟ್. ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಕಾಫಿ ಬೆಲೆ ಬಿದ್ದಾಗ, ಓದು-ನೌಕರಿಗೆಂದು ಕುಟುಂಬಗಳು ಬೆಂಗಳೂರು ಸೇರಿದಾಗ, ಮಕ್ಕಳ ಎದುರು ಹತ್ತು ದಾರಿ ತೆರೆದವು. ಇದನ್ನು ಅವನತಿ ಎನ್ನಲು ಮನಸ್ಸು ಬಾರದು. ಕ್ರೀಡೆಗೆ ಹೆಸರಾದ ಜನ ಕ್ರೀಡೆ ಬಿಟ್ಟಿಲ್ಲ, ಹಾಕಿಯೊಂದಕ್ಕೇ ಅಂಟಿಕೊಂಡಿಲ್ಲ ಅಷ್ಟೇ.

ಬೆಂಗಳೂರಿಗೂ ಒಂದು ದಾವೆ ಇದೆ. ಅಕ್ಕಿತಿಮ್ಮನಹಳ್ಳಿಯಲ್ಲಿ ಕಾರ್ಯಪ್ಪನವರ ಹೆಸರಿನ ಹಾಕಿ ಕ್ರೀಡಾಂಗಣ ಇದೆ, ಜೂಡ್ ಫೆಲಿಕ್ಸ್, ಆಶಿಶ್ ಬಲ್ಲಾಳ್ ಆ ನಗರದವರು. ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ರಾಷ್ಟ್ರೀಯ ತಂಡಗಳ ಶಿಬಿರ ವರ್ಷದ ಬಹುಪಾಲು ನಡೆಯುತ್ತದೆ. ಪಂಜಾಬಿನವರೂ ಒಡಿಶಾದವರೂ ಬೆಂಗಳೂರಿಗೆ ಬಂದು ತಯಾರಾಗುತ್ತಾರೆ. ಅಲ್ಲಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರವೂ ಇಲ್ಲದ ಕೊಡಗಿನಿಂದ ಮಾತ್ರ ಆ ಶಿಬಿರಕ್ಕೆ ಹೋಗುವವರ ಸಂಖ್ಯೆ ಕರಗಿದೆ.

ಆದ್ದರಿಂದ ನೇರವಾಗಿ ಹೇಳುವುದಾದರೆ, ಭಾರತ ತಂಡಕ್ಕೆ ಆಟಗಾರರನ್ನು ಕೊಡುವ ರಾಜಧಾನಿ ಎಂಬ ಹೆಸರು ಸದ್ಯಕ್ಕೆ ಕೊಡಗಿಗೆ ಸಲ್ಲುವುದಿಲ್ಲ. ಅದು ಸುಂದರ್‌ಗಢ ಮತ್ತು ಜಲಂಧರ್ ಪಾಲಾಗಿದೆ. ಇಡೀ ಸಮುದಾಯವೇ ಸ್ಟಿಕ್ ಹಿಡಿದು ಮೈದಾನಕ್ಕಿಳಿಯುವ ಜಾಗ ಯಾವುದೆಂದರೆ ಕೊಡಗಿನ ಎದುರು ಯಾರೂ ನಿಲ್ಲಲಾರರು.

ತೊಡಕೆಂದರೆ, ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಸುಲಭವಲ್ಲ. 396 ತಂಡಗಳನ್ನು ಒಂದು ತಿಂಗಳಲ್ಲಿ ಆಡಿಸಬೇಕಾದರೆ ಒಂದಕ್ಕಿಂತ ಹೆಚ್ಚು ಹುಲ್ಲಿನ ಅಂಕಣಗಳು ಬೇಕು. ಜಿಲ್ಲೆಯಲ್ಲಿರುವ ಬೆರಳೆಣಿಕೆಯ ಟರ್ಫ್‌ಗಳಿಗೆ ಅದು ಆಗದ ಮಾತು. ಅರವತ್ತು ದಾಟಿದ ಅಜ್ಜನೂ ಎಂಟು ವರ್ಷದ ಮೊಮ್ಮಗಳೂ ಟರ್ಫ್ ವೇಗಕ್ಕೆ ಹೊಂದಿಕೊಳ್ಳುವುದೂ ಕಷ್ಟ. ಉತ್ಸವವನ್ನು ಟರ್ಫ್‌ಗೆ ತಂದರೆ ಉತ್ಸವ ಹೋಗುತ್ತದೆ. ಹುಲ್ಲಿನಲ್ಲೇ ಬಿಟ್ಟರೆ ಅಲ್ಲಿ ಮಿಂಚಿದ ಹದಿನಾಲ್ಕರ ಹುಡುಗನನ್ನು ಗುರುತಿಸಿ ಉಳಿದ ಹನ್ನೊಂದು ತಿಂಗಳು ಟರ್ಫ್ ಮೇಲೆ ಪಳಗಿಸುವವರು ಬೇಕು. ಉತ್ಸವದ ಖರ್ಚಿಗೆ ಸರ್ಕಾರ ಅನುದಾನ ಕೊಡುತ್ತದೆ, ಗಿನ್ನೆಸ್ ಪ್ರಮಾಣಪತ್ರ ಬಂದಿದೆ, ಗ್ಯಾಲರಿ ತುಂಬುತ್ತದೆ. ಆ ಹುಡುಗನಿಗೆ ಫೈನಲ್ ಮುಗಿದ ಮರುದಿನ ಬೆಳಿಗ್ಗೆ ಎಲ್ಲಿ ಅಭ್ಯಾಸ, ಯಾರು ತರಬೇತುದಾರ ಎಂಬ ಪ್ರಶ್ನೆಗೆ ಮಡಿಕೇರಿ ಉತ್ತರ ಹುಡುಕಬೇಕಿದೆ. ಹಾಕಿಯ ಹಿನ್ನೆಲೆಯೇ ಇಲ್ಲದ ಯಾದಗಿರಿಗೆ ನಾಳೆ ಯಾರಾದರೂ ಈ ಆಟ ತಂದರೆ, ಅವರು ಮೊದಲು ಎದುರಿಸಬೇಕಾದ್ದೂ ಅದೇ ಪ್ರಶ್ನೆ.