ಮಗುವಿನ ಅಕ್ಷರ ಕೆಟ್ಟರೆ, ಬೈಯುವ ಮೊದಲು



ಚೆನ್ನಾಗಿ ಓದುತ್ತಿದ್ದ ಹುಡುಗನೊಬ್ಬನ ಅಕ್ಷರ ಕೆಡತೊಡಗುತ್ತದೆ. ಅಂಕಗಳು ಇಳಿಯುತ್ತವೆ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಆಗ ನಾವು ಏನು ಮಾಡುತ್ತೇವೆ? ಶಿಕ್ಷಕರು ಸೋಮಾರಿ ಎನ್ನುತ್ತಾರೆ, ತಂದೆ ಬೈಯುತ್ತಾರೆ, ನೆರೆಯವರು ತಾಯಿತ ಕಟ್ಟಿಸಿ ಎನ್ನುತ್ತಾರೆ. ಇದು ವಿಲ್ಸನ್ ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಆಹಾರದಲ್ಲಿ ಸ್ವಲ್ಪ ತಾಮ್ರವಿರುತ್ತದೆ. ಹೆಚ್ಚಾದದ್ದನ್ನು ಯಕೃತ್ತು ಪಿತ್ತದ ಮೂಲಕ ಹೊರಹಾಕುತ್ತದೆ. ಎಟಿಪಿ7ಬಿ ಎಂಬ ಜೀನ್‌ನಲ್ಲಿ ದೋಷವಿದ್ದರೆ ಈ ಕೆಲಸ ನಡೆಯುವುದಿಲ್ಲ. ತಾಮ್ರವು ಯಕೃತ್ತಿನಲ್ಲಿ, ಮುಂದೆ ಮೆದುಳಿನಲ್ಲಿ, ಕಣ್ಣಿನಲ್ಲಿ ಸೇರಿಕೊಳ್ಳುತ್ತದೆ. 1912ರಲ್ಲಿ ಲಂಡನ್ನಿನ ನರರೋಗ ವೈದ್ಯ ಕಿನಿಯರ್ ವಿಲ್ಸನ್ ಇದನ್ನು ವಿವರಿಸಿದರು. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಅಪರೂಪದ ಕಾಯಿಲೆ ಇದು. ಒಬ್ಬರಲ್ಲಿ ಕಾಮಾಲೆಯಾಗಿ, ಇನ್ನೊಬ್ಬರಲ್ಲಿ ಕೈನಡುಕವಾಗಿ, ಮತ್ತೊಬ್ಬರಲ್ಲಿ ಮನೋರೋಗದಂತೆ ಕಾಣುವುದರಿಂದ ಗುರುತಿಸುವುದು ಕಷ್ಟ.

ಆದರೆ ಅನುಮಾನ ಬಂದರೆ ಪರೀಕ್ಷೆಗಳಿವೆ. ಅನೇಕ ರೋಗಿಗಳ ಕಾರ್ನಿಯಾದ ಅಂಚಿನಲ್ಲಿ ಕಂದು ಉಂಗುರ ಕಾಣುತ್ತದೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ, 24 ಗಂಟೆಗಳ ಮೂತ್ರದಲ್ಲಿ ತಾಮ್ರ ಹೆಚ್ಚಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು.

ಇದಕ್ಕೆ ಔಷಧವೂ ಇದೆ. ಜಾನ್ ವಾಲ್ಷ್ 1956ರಲ್ಲಿ ಪರಿಚಯಿಸಿದ ಪೆನಿಸಿಲಮೈನ್ ತಾಮ್ರವನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಸತುವಿನ ಔಷಧ ಕರುಳು ತಾಮ್ರವನ್ನು ಹೀರದಂತೆ ತಡೆಯುತ್ತದೆ. ವಿಶೇಷವಾಗಿ ಮೊದಲ ವರ್ಷ ಕಲೇಜಿ, ಗೋಡಂಬಿ, ಅಣಬೆ, ಚಾಕೊಲೇಟ್ ಬಿಡಬೇಕು. ಆದರೆ ಔಷಧ ಜೀವನಪರ್ಯಂತ ಬೇಕು. ಗುಣವಾಯಿತೆಂದು ನಿಲ್ಲಿಸಿದರೆ ಯಕೃತ್ತೇ ಕೈಕೊಟ್ಟು ಪ್ರಾಣ ಹೋಗಬಹುದು. ತಡವಾದರೆ ಮೆದುಳಿಗಾದ ಹಾನಿ ಪೂರ್ತಿ ಸರಿಹೋಗದಿರಬಹುದು.

ಇನ್ನೊಂದು ಮಾತು. ತಂದೆ ತಾಯಿ ಇಬ್ಬರಲ್ಲೂ ದೋಷವಿರುವ ಜೀನ್ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆತನದೊಳಗೆ ಮದುವೆಯಾದಾಗ ಇಂಥ ಜೋಡಿ ಕೂಡುವ ಸಂಭವ ಹೆಚ್ಚು. ಆದ್ದರಿಂದ ಒಂದು ಮಗುವಿಗೆ ಕಾಯಿಲೆ ಪತ್ತೆಯಾದರೆ ಅಣ್ಣತಮ್ಮ, ಅಕ್ಕತಂಗಿಯರನ್ನೂ ಪರೀಕ್ಷಿಸಲೇಬೇಕು. ಲಕ್ಷಣ ಕಾಣುವ ಮೊದಲೇ ಔಷಧ ಶುರುಮಾಡಿದವರು ಸಹಜವಾಗಿ ಬಾಳಬಲ್ಲರು. ನಾಚಿಕೆಯಿಂದ ಮುಚ್ಚಿಟ್ಟರೆ ಎರಡನೆಯ ಮಗುವನ್ನೂ ಕಳೆದುಕೊಳ್ಳಬೇಕಾದೀತು.

ಶಿಕ್ಷಕರೇ, ಅಕ್ಷರದ ಬದಲಾವಣೆಯನ್ನು ಮೊದಲು ನೋಡುವವರು ನೀವು. ವಿದ್ಯಾರ್ಥಿಗಳೇ, ಪಕ್ಕದ ಬೆಂಚಿನ ಗೆಳೆಯನ ಕೈ ನಡುಗಿದರೆ ನಗಬೇಡಿ, ಅವನ ಮನೆಯವರಿಗೆ ತಿಳಿಸಿ. ನಿಮ್ಮ ಒಂದು ಮಾತು ಒಂದು ಜೀವ ಉಳಿಸೀತು.